ಸ್ಲೈಡ್‌ಔಟ್ ಕೈಕೊಟ್ಟರೆ ಯಾರ ಕೈಗೆ ಕೊಡಬೇಕು? ಕರಾವಳಿಯ ಕಾರವಾನ್ ಮಾಲೀಕರಿಗೊಂದು ಹೋಲಿಕೆ

ಮರವಂತೆಯ ಹತ್ತಿರ ಪರಿಚಿತರೊಬ್ಬರ ತೋಟ. ಮೇ ತಿಂಗಳ ಕೊನೆಯ ವಾರ, ರಾತ್ರಿ ಎರಡು ಗಂಟೆ. ಕಡಲ ಕಡೆಯಿಂದ ಗುಡುಗು ಕೇಳಿಸಿತು. ಮಳೆ ಬರುವುದರೊಳಗೆ ಕಾರವಾನಿನ ಸ್ಲೈಡ್‌ಔಟನ್ನು (ಗೋಡೆಯಿಂದ ಹೊರಗೆ ಜಾರುವ ಕೋಣೆಯನ್ನು) ಒಳಗೆ ಎಳೆದುಕೊಳ್ಳೋಣವೆಂದು ಗುಂಡಿ ಒತ್ತಿದೆ. ಮೋಟಾರಿಗೆ ಕರೆಂಟು ಬಿಡುವ ರಿಲೇ ‘ಟಕ್’ ಎಂದಿತು, ಕೋಣೆ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಟಕ್. ಆಮೇಲಿನ ಮುಕ್ಕಾಲು ಗಂಟೆ ನಾನು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ, ಮೋಟಾರಿನ ಹಿಂಬದಿಯ ಆರು ಮೂಲೆಯ ತುದಿಗೆ ಸಾಕೆಟ್ ಸ್ಪ್ಯಾನರ್ ಕೂರಿಸಿ ತಿರುಗಿಸುತ್ತಿದ್ದೆ. ಹೆಂಡತಿ ಟಾರ್ಚ್ ಹಿಡಿದುಕೊಂಡು, ‘ಒಂದು ಅಂಗುಲ ಬಂತು’, ‘ಇನ್ನರ್ಧ ಬಂತು’ ಎಂದು ಲೆಕ್ಕ ಒಪ್ಪಿಸುತ್ತಿದ್ದಳು. ಕೋಣೆ ಪೂರ್ತಿ ಒಳಸೇರುವ ಹೊತ್ತಿಗೆ ಗಾಡಿಯಿಂದ ಹೊರಗೆ ಚಾಚಿದ್ದ ನನ್ನ ಎರಡೂ ಕಾಲುಗಳನ್ನು ಮಳೆ ತೊಳೆದು ಮುಗಿಸಿತ್ತು.

ಬೆಳಿಗ್ಗೆ ಗಾಡಿ ಕಟ್ಟಿಕೊಟ್ಟವರಿಗೆ ಫೋನ್ ಮಾಡಿದೆ. ‘ಮೋಟಾರ್ ಹೋಗಿದೆ, ಗಾಡಿ ಇಲ್ಲಿಗೆ ತನ್ನಿ’ ಎಂದರು. ಅವರಿರುವುದು ಘಟ್ಟ ಹತ್ತಿ, ಇನ್ನೊಂದು ರಾಜ್ಯಕ್ಕೆ ಹೋದ ಮೇಲೆ. ಹೋಗುವ ಮೊದಲು ಒಮ್ಮೆ ನೋಡಿಬಿಡೋಣವೆಂದು ವಯರುಗಳ ಜಾಡು ಹಿಡಿದೆ. ಚಾಸಿಗೆ ಬಿಗಿದಿದ್ದ ಅರ್ತ್ ವಯರಿನ ತುದಿಯನ್ನು ಉಗುರಿನಿಂದ ಕೆರೆದರೆ ಹಸಿರು ಹಿಟ್ಟು ಉದುರಿತು. ತಾಮ್ರ ಎಂಬುದು ಅಲ್ಲಿ ಹೆಸರಿಗಷ್ಟೇ ಉಳಿದಿತ್ತು. ವಯರಿನ ತುದಿಗೆ ಹಾಕುವ ಹೊಸ ಲಗ್ಗು, ಹೊಸ ಬೋಲ್ಟು, ಒಂದು ತುಂಡು ಎಮೆರಿ ಕಾಗದ. ಮುನ್ನೂರು ರೂಪಾಯಿಯೊಳಗೆ ಕೋಣೆ ಮತ್ತೆ ಓಡಾಡಿತು. ಆ ‘ಹೋದ’ ಮೋಟಾರು ಇವತ್ತಿಗೂ ಅದೇ.

ಇದನ್ನು ಕೇಳಿ, ‘ಹಾಗಾದರೆ ಎಲ್ಲವನ್ನೂ ನಾವೇ ಮಾಡಿಕೊಳ್ಳಬಹುದು’ ಎಂದುಕೊಳ್ಳಬೇಡಿ. ಮರುವರ್ಷ ಅದೇ ಹುಮ್ಮಸ್ಸಿನಲ್ಲಿ ನೆಲದ ಹಲಗೆಗೆ ಕೈಹಾಕಿ ಕೈಸುಟ್ಟುಕೊಂಡೆ. ಅದನ್ನು ಮುಂದೆ ಹೇಳುತ್ತೇನೆ. ನನಗೆ ತಿಳಿದ ಮಟ್ಟಿಗೆ, ಸ್ಲೈಡ್‌ಔಟಿನ ದೂರು ಕರೆಂಟಿನದೋ ಕಬ್ಬಿಣದ್ದೋ ನೀರಿನದೋ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು. ಯಾರ ಬಳಿ ಹೋಗಬೇಕೆಂಬುದು ಅದರ ಮೇಲೆ ನಿಂತಿದೆ.

ಗೊತ್ತಿಲ್ಲದವರಿಗೆ ಒಂದು ಮಾತು: ಗಾಡಿ ನಿಂತಾಗ ಪಕ್ಕದ ಗೋಡೆಯ ಒಂದು ಭಾಗ, ಮೇಜಿನ ಡ್ರಾಯರಿನಂತೆ, ಸೋಫಾ ಅಥವಾ ಮಂಚದ ಸಮೇತ ಹೊರಗೆ ಜಾರುತ್ತದೆ. ಅದೇ ಸ್ಲೈಡ್‌ಔಟ್. ಅಮೆರಿಕದ ಮೋಟಾರ್‌ಹೋಮ್‌ಗಳಲ್ಲಿ ಇದು ಸರ್ವೇಸಾಮಾನ್ಯ. ನಮ್ಮಲ್ಲಿ ಸಿನಿಮಾದವರ ವ್ಯಾನಿಟಿ ವ್ಯಾನ್‌ಗಳಲ್ಲಿ, ನನ್ನಂಥ ಕೆಲವು ಹುಚ್ಚರು ಮಿನಿಬಸ್ ಚಾಸಿಯ ಮೇಲೆ ಕಟ್ಟಿಸಿಕೊಂಡ ಗಾಡಿಗಳಲ್ಲಿ ಕಾಣಸಿಗುತ್ತದೆ. ಮೋಟಾರು ವಾಹನ ನಿಯಮಗಳ ಪ್ರಕಾರ ಗಾಡಿಯ ಅಗಲ 2.6 ಮೀಟರ್ ಮೀರುವಂತಿಲ್ಲ. ಹಾಗಾಗಿ ಹೊರಗೆ ಸಿಕ್ಕಿಕೊಂಡ ಸ್ಲೈಡ್‌ಔಟ್ ಇಟ್ಟುಕೊಂಡು ಹೆದ್ದಾರಿ 66ಕ್ಕೆ ಇಳಿಯುವ ಮಾತೇ ಇಲ್ಲ. ಗಾಡಿ ಎಲ್ಲಿದೆಯೋ ಅಲ್ಲೇ ಸೆರೆ.

ಮೊದಲು ಯಂತ್ರದ ಜಾತಿ ನೋಡಿ

ಇಲ್ಲಿ ಕಟ್ಟಿದ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಹಲ್ಲುಪಟ್ಟಿ ಮತ್ತು ಗೇರಿನ ಏರ್ಪಾಡು. ಒಂದು 12 ವೋಲ್ಟಿನ ಮೋಟಾರು, ಅದು ತಿರುಗಿಸುವ ಒಂದು ಅಡ್ಡ ಶಾಫ್ಟು, ಎರಡು ತುದಿಯಲ್ಲಿ ಎರಡು ಗೇರು. ಒರಟು ಯಂತ್ರ, ಆದರೆ ಬಿಚ್ಚಿದರೆ ಅರ್ಥವಾಗುತ್ತದೆ. ಸ್ವಂತ ರಿಪೇರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಗೋಡೆಯೊಳಗೇ ಅಲ್ಯೂಮಿನಿಯಂ ಹಳಿ ಇಟ್ಟು, ಎರಡು ಬದಿಗೆ ಎರಡು ಸಣ್ಣ ಮೋಟಾರು ಕೂರಿಸಿರುವುದು ಆಮದು ಜಾತಿ. ಎರಡೂ ಮೋಟಾರುಗಳು ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಅವುಗಳ ಸುತ್ತುಗಳನ್ನು ಒಂದು ನಿಯಂತ್ರಣ ಪೆಟ್ಟಿಗೆ ಎಣಿಸುತ್ತಿರುತ್ತದೆ. ಅರ್ಧಕ್ಕೆ ನಿಲ್ಲಿಸುವುದು, ಮತ್ತೆ ಹೊರಡಿಸುವುದು ಮಾಡುತ್ತಿದ್ದರೆ ಲೆಕ್ಕ ತಪ್ಪಿ ಕೋಣೆ ಓರೆಯಾಗುತ್ತದೆ. ಪೂರ್ತಿ ಹೊರಗೆ ಹೋಗುವವರೆಗೂ ಒತ್ತಿ, ನಿಂತ ಮೇಲೂ ಕೆಲವು ಸೆಕೆಂಡು ಗುಂಡಿ ಬಿಡದೆ ಹಿಡಿದುಕೊಳ್ಳಿ. ಒಳಗೆ ತರುವಾಗಲೂ ಹಾಗೆಯೇ. ಅನೇಕ ಸಲ ಲೆಕ್ಕ ತಾನೇ ಸರಿಹೋಗುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಇದನ್ನು ನೀವು ಬಿಚ್ಚಬೇಡಿ. ಬಿಡಿಭಾಗ ಹಡಗಿನಲ್ಲಿ ಬರುವ ಸಾಮಾನಿನ ಮೇಲೆ ಪ್ರಯೋಗ ಮಾಡುವಷ್ಟು ಧೈರ್ಯ ನನಗಂತೂ ಇಲ್ಲ.

ತಂತಿಹಗ್ಗದಿಂದ ಎಳೆಯುವ ಜಾತಿಯೂ ಒಂದಿದೆ. ಹಗ್ಗದ ಒಂದೇ ಒಂದು ಎಳೆ ಬಿಚ್ಚಿಕೊಂಡು ಮುಳ್ಳಿನಂತೆ ಎದ್ದಿದ್ದರೂ ಹಗ್ಗ ಬದಲಿಸುವ ಕಾಲ ಬಂತು ಎಂದೇ ಅರ್ಥ. ಕೈಗವಸು ಇಲ್ಲದೆ ಮುಟ್ಟಬೇಡಿ.

ಎಣ್ಣೆಯ ಒತ್ತಡದಿಂದ ಕೋಣೆ ತಳ್ಳುವ ಹೈಡ್ರಾಲಿಕ್ ಜಾತಿ ಇದ್ದರೆ ಎಣ್ಣೆಯ ಮಟ್ಟವನ್ನು ಕೋಣೆ ಪೂರ್ತಿ ಒಳಗಿದ್ದಾಗಲೇ ನೋಡಬೇಕು. ಹೊರಗಿದ್ದಾಗ ನೋಡಿ, ಕಡಿಮೆಯಾಗಿದೆ ಎಂದು ಸುರಿದರೆ ಒಳಗೆ ಎಳೆದಾಗ ಉಕ್ಕಿ ಬರುತ್ತದೆ. ಸೋರಿಕೆ ಹುಡುಕಲು ಪೈಪಿನ ಮೇಲೆ ಬರಿಗೈ ಆಡಿಸುವುದಂತೂ ಬೇಡವೇ ಬೇಡ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಅದು ಮುಲಾಮಿನಿಂದ ವಾಸಿಯಾಗುವ ಗಾಯವಲ್ಲ, ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ. ಈ ಕೆಲಸಕ್ಕೆ ಬಂದರಿನ ದೋಣಿಗಳ ವಿಂಚ್ ರಿಪೇರಿ ಮಾಡುವವರು ಸರಿಯಾದವರು. ಪಂಪು, ಸಿಲಿಂಡರು, ಸೀಲು ಎಲ್ಲವೂ ಅವರಿಗೆ ದಿನನಿತ್ಯದ ವ್ಯವಹಾರ.

ಕರೆಂಟಿನ ದೂರು ನಿಮ್ಮದೇ ಕೆಲಸ

ಇಲ್ಲಿ ನಾನು ಸ್ವಂತ ರಿಪೇರಿಯ ಪಕ್ಷ. ಉಪ್ಪುಗಾಳಿಯ ಊರಿನಲ್ಲಿ ಮೋಟಾರಿಗಿಂತ ಮೊದಲು ಸಾಯುವುದು ವಯರಿನ ಕೀಲುಗಳು. ಅದನ್ನು ಪತ್ತೆ ಮಾಡಲು ಬೇಕಾಗಿರುವುದು ಒಂದು ಮಲ್ಟಿಮೀಟರ್, ಗುಂಡಿ ಒತ್ತಲು ಇನ್ನೊಬ್ಬರು, ಸ್ವಲ್ಪ ತಾಳ್ಮೆ.

ಬ್ಯಾಟರಿ ಸುಮ್ಮನೆ ಕೂತಿರುವಾಗ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ. ಅಷ್ಟಕ್ಕೇ ನಂಬಬೇಡಿ. ಗುಂಡಿ ಒತ್ತಿಸಿ, ಮೋಟಾರಿನ ತುದಿಯಲ್ಲೇ ಅಳೆಯಿರಿ. ಬ್ಯಾಟರಿಯಲ್ಲಿ ಹನ್ನೆರಡು ಇದ್ದು ಮೋಟಾರಿಗೆ ಹತ್ತೂವರೆ ಮಾತ್ರ ತಲುಪುತ್ತಿದ್ದರೆ ಉಳಿದದ್ದನ್ನು ದಾರಿಯಲ್ಲಿ ಯಾರೋ ತಿನ್ನುತ್ತಿದ್ದಾರೆ. ಕಳ್ಳನನ್ನು ಹಿಡಿಯುವ ಉಪಾಯ ಸುಲಭ: ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಮೋಟಾರಿನ ನೆಗೆಟಿವ್‌ಗೆ ಇಟ್ಟು ಗುಂಡಿ ಒತ್ತಿಸಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೊಳೆತಿದೆ. ನನ್ನ ಗಾಡಿಯ ರೋಗ ಇದೇ ಆಗಿತ್ತು.

ಕೋಣೆ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ ಎನ್ನುವುದಾದರೆ ಮೋಟಾರನ್ನು ಬೈಯಬೇಡಿ. ಒಂದು ದಿಕ್ಕಿಗೆ ತಿರುಗುವ ಮೋಟಾರು ಇನ್ನೊಂದು ದಿಕ್ಕಿಗೂ ತಿರುಗುತ್ತದೆ. ದಿಕ್ಕು ಬದಲಿಸಬೇಕಾದ ರಿಲೇ ಅಥವಾ ಗುಂಡಿ ಕೆಟ್ಟಿದೆ. ಎರಡೇ ವಯರಿನ ಸಾದಾ ಮೋಟಾರಾದರೆ, ದಾರಿಯಲ್ಲಿ ಸಿಕ್ಕಿಕೊಂಡಾಗ ಆ ಎರಡು ವಯರುಗಳನ್ನು ಅದಲುಬದಲು ಮಾಡಿ ‘ಹೊರಗೆ’ ಗುಂಡಿಯಿಂದಲೇ ಕೋಣೆಯನ್ನು ಒಳಗೆ ತರಬಹುದು. ಊರಿಗೆ ಬಂದು ಕೆಟ್ಟ ರಿಲೇಯನ್ನೋ ಗುಂಡಿಯನ್ನೋ ಸರಿಮಾಡಿದ ಮೇಲೆ ವಯರುಗಳನ್ನು ಮತ್ತೆ ಮೊದಲಿನಂತೆ ಮಾಡುವುದನ್ನು ಮರೆಯದಿದ್ದರೆ ಸರಿ. ನಾನು ಮರೆತಿದ್ದೆ. ಮರುದಿನ ಮಗಳು ‘ಒಳಗೆ’ ಒತ್ತಿದಾಗ ಕೋಣೆ ಹೊರಗೆ ಹೋಗಿ ಅಂಗಳದ ದಾಸವಾಳದ ಗಿಡವನ್ನು ಮುರಿಯಿತು. ಎರಡು ಮೋಟಾರಿನ ಆಮದು ಜಾತಿಗೆ ಈ ಚಮತ್ಕಾರ ಸಲ್ಲದು.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವುದು ಪರಿಹಾರವಲ್ಲ. ಮೋಟಾರು ಎಲ್ಲೋ ಒದ್ದಾಡುತ್ತಿದೆ, ಅದಕ್ಕೇ ಹೆಚ್ಚು ಕರೆಂಟು ಎಳೆಯುತ್ತಿದೆ. ಹಳಿಯಲ್ಲಿ ಸಿಕ್ಕಿದ ಮಕ್ಕಳ ಚಪ್ಪಲಿಯಿಂದ ಹಿಡಿದು ಬಾಗಿದ ಹಲ್ಲುಪಟ್ಟಿಯವರೆಗೆ ಏನೂ ಇರಬಹುದು.

ಮೋಟಾರೇ ಕೆಟ್ಟಿದ್ದರೂ ಹೊಸದಕ್ಕೆ ಓಡಬೇಡಿ. ಖಾಸಗಿ ಬಸ್ಸುಗಳ ಜಿಲ್ಲೆಗಳಿವು. ಬಸ್ಸಿನ ಸೆಲ್ಫ್ ಮೋಟಾರು, ಡೈನಮೋ ಬಿಚ್ಚಿ ಜೋಡಿಸುವ ಅಂಗಡಿಗಳಿಗೆ ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಬರವಿಲ್ಲ. ಸವೆದ ಕಾರ್ಬನ್ ಬ್ರಷ್ ಬದಲಿಸುವುದು, ಬೇರಿಂಗ್ ಹಾಕುವುದು ಅವರಿಗೆ ಚಹಾ ಕುಡಿದಷ್ಟು ಸುಲಭ. ಒಂದೇ ಎಚ್ಚರಿಕೆ: ಇಡೀ ಗಾಡಿಯನ್ನು ಒಯ್ದು ‘ನೋಡಿ’ ಎನ್ನಬೇಡಿ. ಮೋಟಾರನ್ನು ಮಾತ್ರ ಬಿಚ್ಚಿಕೊಂಡು ಹೋಗಿ. ಗಾಡಿ ಕಂಡರೆ ಅವರಿಗೂ ಗಾಬರಿ, ಬಿಲ್ಲಿಗೂ ಗಾಬರಿ.

ಕಬ್ಬಿಣದ ದೂರು: ಅರ್ಧ ನೀವು, ಅರ್ಧ ಲೇತಿನವರು

ಮೋಟಾರು ಸದ್ದು ಮಾಡುತ್ತ ತಿರುಗುತ್ತದೆ, ಕೋಣೆ ಮಾತ್ರ ಅಲುಗುವುದಿಲ್ಲ ಎಂದರೆ ಹೆಚ್ಚಿನ ಪಾಲು ಶಿಯರ್ ಪಿನ್ ಮುರಿದಿದೆ. ಅದು ಮುರಿಯಲೆಂದೇ ಇಟ್ಟ ಪಿನ್. ಕೋಣೆ ಎಲ್ಲಾದರೂ ತಡೆದಾಗ ಗೇರಿನ ಹಲ್ಲು ಉಳಿಸಲು ತಾನು ಮುರಿಯುವುದು ಅದರ ಧರ್ಮ. ಆ ಜಾಗಕ್ಕೆ ‘ಗಟ್ಟಿ ಇರಲಿ’ ಎಂದು ಹೈಟೆನ್ಸಿಲ್ ಬೋಲ್ಟ್ ಹಾಕುವ ಬುದ್ಧಿವಂತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮುಂದಿನ ಸಲ ಪಿನ್ನಿನ ಬದಲು ಗೇರೇ ಹೋಗುತ್ತದೆ. ಹಳೆಯ ಪಿನ್ನಿನ ತುಂಡನ್ನು ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದ ಯಾವುದೇ ಲೇತ್ ಕಾರ್ಖಾನೆಗೆ ಒಯ್ದು, ಅದೇ ಅಳತೆಯ, ಅಷ್ಟೇ ಮೆದು ಕಬ್ಬಿಣದ ನಾಲ್ಕು ಪಿನ್ ಮಾಡಿಸಿಟ್ಟುಕೊಳ್ಳಿ.

ಹಲ್ಲುಪಟ್ಟಿಗೆ ಗ್ರೀಸ್ ಮೆತ್ತುವುದೂ ತಪ್ಪು. ಕಡಲತೀರದ ಮರಳು ಗ್ರೀಸಿಗೆ ಅಂಟಿಕೊಂಡರೆ ಅದು ಅರದಂತೆ ಹಲ್ಲನ್ನು ಉಜ್ಜುತ್ತದೆ. ಒಣಗುವ ಜಾತಿಯ ಸ್ಪ್ರೇ ಸಾಕು.

ಓರೆಯಾದ ಕೋಣೆಯನ್ನು ನೇರ ಮಾಡುವುದು ಬೇರೆಯೇ ಕಥೆ. ಎರಡೂ ಬದಿಯ ಸಂದುಗಳನ್ನು ಮೇಲೆ, ಕೆಳಗೆ ಅಳೆದು ಬರೆದುಕೊಂಡು, ಒಂದು ಬದಿಯ ಬೋಲ್ಟನ್ನು ಕಾಲು ಸುತ್ತು ತಿರುಗಿಸಿ, ಕೋಣೆ ಓಡಿಸಿ, ಮತ್ತೆ ಅಳೆಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಕೋಣೆ ಸಣ್ಣದೆಂದು ಕಂಡರೂ ಒಳಗಿನ ಸೋಫಾ, ಕಪಾಟು ಸೇರಿ ಕ್ವಿಂಟಲ್ ಲೆಕ್ಕದಲ್ಲಿ ತೂಗುತ್ತದೆ. ಅದರ ಅಡಿಗೆ ಸ್ಟ್ಯಾಂಡ್ ಕೊಡದೆ, ಬ್ಯಾಟರಿಯ ನೆಗೆಟಿವ್ ಬಿಚ್ಚದೆ ಕೈ ಒಳಗೆ ಹಾಕಬೇಡಿ. ಜಾಕಿಯನ್ನು ನಂಬಿ ಮಲಗುವುದು ಕಾರಿನ ಅಡಿಯಲ್ಲೂ ತಪ್ಪು, ಇಲ್ಲೂ ತಪ್ಪು.

ನೀರಿನ ದೂರು: ಮಲ್ಪೆಗೆ ಹೋಗಿ

ಈಗ ನನ್ನ ಸೋಲಿನ ಕಥೆ. ಉಡುಪಿಯ ಮಳೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು. ಸ್ಲೈಡ್‌ಔಟ್ ಎಂದರೆ, ಇಂಥ ಊರಿನಲ್ಲಿ ಗೋಡೆಗೆ ಒಂದು ದೊಡ್ಡ ತೂತು ಕೊರೆದು ಸುತ್ತಲೂ ರಬ್ಬರ್ ಬೀಡಿಂಗ್ ಹಚ್ಚಿ ‘ನೀರು ಬರುವುದಿಲ್ಲ’ ಎಂದು ನಂಬುವುದು. ಬರುತ್ತದೆ. ಉದ್ದಕ್ಕಿರುವ ಬೀಡಿಂಗಿನಿಂದಲ್ಲ, ನಾಲ್ಕು ಮೂಲೆಯ ಜೋಡಣೆಗಳಿಂದ.

ಬೀಡಿಂಗ್ ಬದಲಿಸುವುದನ್ನು ನೀವೇ ಮಾಡಬಹುದು. ಬಸ್ಸಿನ ಬಾಡಿ ಕಟ್ಟುವವರ ಬಳಿ ಬಗೆಬಗೆಯ ರಬ್ಬರ್ ಅಚ್ಚುಗಳಿರುತ್ತವೆ. ಹಳೆಯದರ ಒಂದು ಗೇಣು ತುಂಡು ಕತ್ತರಿಸಿ ಒಯ್ದರೆ ಸರಿಸುಮಾರು ಹೊಂದುವುದು ಸಿಗುತ್ತದೆ. ಮೂಲೆಗೆ ಸೀಲೆಂಟ್ ಹಾಕುವಾಗ ಟ್ಯೂಬನ್ನು ಮೂಸಿ ನೋಡಿ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಲೋಹವನ್ನು ತಿನ್ನುತ್ತದೆ, ಅದು ಬಚ್ಚಲಿನ ಟೈಲ್ಸಿಗೆ ಇರಲಿ. ಪಾಲಿಯುರೆಥೇನ್ ಅಥವಾ ವಾಸನೆಯಿಲ್ಲದ ನ್ಯೂಟ್ರಲ್ ಜಾತಿಯದು ಬೇಕು. ರಬ್ಬರಿಗೆ ಡೀಸೆಲ್, ಸುಟ್ಟ ಆಯಿಲ್ ಸವರುವ ನಮ್ಮ ಗ್ಯಾರೇಜುಗಳ ಚಾಳಿ ಇಲ್ಲಿ ಬೇಡ. ಈ ಬೀಡಿಂಗುಗಳ ರಬ್ಬರು ಪೆಟ್ರೋಲಿಯಂ ಎಣ್ಣೆ ಕುಡಿದು ಊದಿಕೊಳ್ಳುತ್ತದೆ. ಸಿಲಿಕೋನ್ ಸ್ಪ್ರೇ ಹಾಕಿ.

ಆದರೆ ನೆಲ? ಸೋಫಾದ ಕೆಳಗೆ ಕಾಲಿಟ್ಟರೆ ಹಲಗೆ ಸ್ವಲ್ಪ ಕುಗ್ಗುತ್ತಿತ್ತು. ದಬ್ಬಣ ತೆಗೆದುಕೊಂಡು ಅಂಚಿನಲ್ಲಿ ಚುಚ್ಚಿದೆ, ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಕೊಳೆತದ್ದನ್ನು ಕೆತ್ತಿ ತೆಗೆದು, ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು) ಹಾಸಿ, ಗಟ್ಟಿಯಾಗಿ ಕೂರುವ ರೆಸಿನ್ ಅಂಟು ಬಳಿದೆ. ಜೂನ್ ಎರಡನೇ ವಾರ, ಹೊರಗೆ ಜಡಿಮಳೆ. ಹೊಳೆಯುತ್ತಿತ್ತು, ಗಟ್ಟಿಯಾಗಿತ್ತು, ನಾನೂ ಬೀಗುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಇಡೀ ತೇಪೆ ಹಪ್ಪಳದಂತೆ ಎದ್ದು ಕೈಗೆ ಬಂತು.

ಅದೇ ತೇಪೆಯನ್ನು ಕೈಯಲ್ಲಿ ಹಿಡಿದುಕೊಂಡು ಮಲ್ಪೆ ಬಂದರಿನ ಹತ್ತಿರ ದೋಣಿಗಳಿಗೆ ಫೈಬರ್ ಹೊದಿಸುವ ಮೇಸ್ತ್ರಿಯ ಬಳಿ ಹೋದೆ. ಅವರು ಅದನ್ನು ತಿರುಗಿಸಿ, ಮರಕ್ಕೆ ಅಂಟಿದ್ದ ಬದಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಬೆರಳು ಒದ್ದೆಯಾಯಿತು. ‘ಒದ್ದೆ ಮರಕ್ಕೆ ರೆಸಿನ್ ಹಿಡಿಯುವುದಿಲ್ಲ ಮಾರಾಯರೇ, ನೀವು ನೀರನ್ನು ಒಳಗಿಟ್ಟು ಬಾಗಿಲು ಹಾಕಿದ್ದೀರಿ’ ಎಂದರು. ಗಾಡಿಗೆ ಬಂದು ಸುತ್ತಿಗೆಯ ಹಿಡಿಯಿಂದ ನೆಲವನ್ನು ಅಂಗುಲ ಅಂಗುಲವಾಗಿ ತಟ್ಟುತ್ತ ಹೋದರು. ಟಣ್, ಟಣ್, ಟಣ್, ಆಮೇಲೆ ದಪ್. ದಪ್ ಎಂದಲ್ಲೆಲ್ಲ ಸೀಮೆಸುಣ್ಣದ ಗೀಟು. ನಾನು ಕೆತ್ತಿದ್ದು ಒಂದು ಮೊರದಷ್ಟು ಜಾಗ. ಅವರ ಗೀಟು ಮುಕ್ಕಾಲು ನೆಲವನ್ನು ಸುತ್ತುವರಿದಿತ್ತು.

ಹಲಗೆ ಪೂರ್ತಿ ತೆಗೆದು, ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಹಾಕಿದರು. ಮುಖ್ಯವಾಗಿ, ಕತ್ತರಿಸಿದ ಅಂಚುಗಳಿಗೆ ರೆಸಿನ್ ಕುಡಿಸಿದ ಮೇಲೆಯೇ ಕೂರಿಸಿದರು. ನೀರು ಪ್ಲೈವುಡ್ಡಿಗೆ ನುಗ್ಗುವುದು ಅಂಚಿನಿಂದ. ತುಕ್ಕು ಹಿಡಿದ ಸ್ಕ್ರೂಗಳ ಜಾಗಕ್ಕೆ 316 ದರ್ಜೆಯ ಸ್ಟೇನ್‌ಲೆಸ್. ಪೇಟೆಯಲ್ಲಿ ಸುಲಭವಾಗಿ ಸಿಗುವ 304 ಕಡಲ ಬದಿಯಲ್ಲಿ ಕಂದು ಚುಕ್ಕೆ ಬಿಡುತ್ತದೆ, 316ರಲ್ಲಿರುವ ಮಾಲಿಬ್ಡಿನಂ ಉಪ್ಪನ್ನು ಹೆಚ್ಚು ತಡೆಯುತ್ತದೆ. ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೇನ್‌ಲೆಸ್ ನೇರವಾಗಿ ತಾಗಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಬೂದಿಯಾಗುತ್ತದೆಂದು ನಡುವೆ ನೈಲಾನ್ ವಾಷರ್ ಇಟ್ಟರು. ಇದನ್ನು ನಾನು ಕೇಳಿರಲಿಲ್ಲ, ಗಾಡಿ ಕಟ್ಟಿದವರು ಮಾಡಿರಲೂ ಇಲ್ಲ.

ನನಗೆ ಬಿದ್ದದ್ದು ಒಂಬತ್ತು ದಿನ, ಹದಿನೆಂಟು ಸಾವಿರ ರೂಪಾಯಿ. ಗಾಡಿ ಕಟ್ಟಿದವರು ಇದೇ ಕೆಲಸಕ್ಕೆ ಹೇಳಿದ್ದು ನಲವತ್ತೈದು ಸಾವಿರ, ಮೇಲೆ ಅಲ್ಲಿಯವರೆಗಿನ ಡೀಸೆಲ್. ನನ್ನ ಸ್ವಂತ ರಿಪೇರಿಗೆ ಆರು ಸಾವಿರ ಹೋಗಿತ್ತು, ಪೂರ್ತಿ ನೀರಿಗೆ ಹಾಕಿದ ಹೋಮ.

ಹಾಗಾದರೆ ಕಟ್ಟಿಕೊಟ್ಟವರು ಯಾವುದಕ್ಕೆ?

ಎರಡು ಸಂದರ್ಭಕ್ಕೆ. ಒಂದು, ವಾರಂಟಿ ಇನ್ನೂ ಇದ್ದರೆ. ಆಗ ಸ್ಪ್ಯಾನರ್ ಮುಟ್ಟುವ ಮೊದಲೇ ಫೋಟೊ, ವೀಡಿಯೊ ತೆಗೆದು ಕಳುಹಿಸಿ, ಬರಹದಲ್ಲಿ ಉತ್ತರ ಪಡೆಯಿರಿ. ಇನ್ನೊಂದು, ಗೋಡೆಯ ತೂತಿನ ಚೌಕಟ್ಟೇ ಸೊಟ್ಟಗಾಗಿದ್ದರೆ ಅಥವಾ ವೆಲ್ಡಿಂಗ್ ಬಿಟ್ಟಿದ್ದರೆ. ಅದು ಇಡೀ ಬಾಡಿಯ ಬಲಕ್ಕೆ ಸಂಬಂಧಿಸಿದ ಮಾತು. ಎಲ್ಲಿ ಯಾವ ಪೈಪು ಹಾಯಿಸಿದ್ದಾರೆಂದು ಅವರಿಗೆ ಮಾತ್ರ ಗೊತ್ತು. ಉಳಿದ ದೂರುಗಳಿಗೆ ಘಟ್ಟ ಹತ್ತುವುದು ದಂಡ ಎಂಬುದು ನನ್ನ ಅಭಿಪ್ರಾಯ.

ಮುಚ್ಚಿಬಿಡುವುದೂ ಒಂದು ಆಯ್ಕೆ

ಯಾರೂ ಹೇಳದ ದಾರಿ ಇದು. ಕುಂದಾಪುರದ ಸ್ನೇಹಿತರೊಬ್ಬರು ಎರಡು ಮಳೆಗಾಲ ಸೋರಿದ ಮೇಲೆ ಕೋಣೆಯನ್ನು ಒಳಗೆ ಎಳೆದು, ಒಳಗಿನಿಂದ ಬೋಲ್ಟ್ ಬಿಗಿದು, ಹೊರಗಿನ ಸಂದಿಗೆಲ್ಲ ಸೀಲೆಂಟ್ ತುಂಬಿ ಕೈತೊಳೆದುಕೊಂಡರು. ಜಾಗ ಕಡಿಮೆಯಾಯಿತು, ನೆಮ್ಮದಿ ಹೆಚ್ಚಾಯಿತು. ವರ್ಷಕ್ಕೆ ಹತ್ತು ರಾತ್ರಿಯೂ ಗಾಡಿಯಲ್ಲಿ ಮಲಗದವರಿಗೆ ಇದು ಸೋಲಲ್ಲ, ಲೆಕ್ಕಾಚಾರ. ಹೀಗೆ ಬೋಲ್ಟ್ ಬಿಗಿದದ್ದನ್ನು ಮುಂದೆ ಬಿಚ್ಚಬಹುದು. ಆದರೆ ತೂತಿಗೆ ತಗಡು ಬೆಸೆದು ಬಾಡಿಯ ರೂಪವನ್ನೇ ಬದಲಿಸುವ ಯೋಚನೆಯಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ನೋಂದಣಿ ಪತ್ರದಲ್ಲಿರುವುದಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ.

ಯಾವಾಗ ಎಂಬುದೂ ಮುಖ್ಯ

ನಮ್ಮಲ್ಲಿ ಇದಕ್ಕೆ ಗಡುವು ಪತ್ತನಾಜೆ. ಮೇ ಕೊನೆಯಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ಬೀಡಿಂಗು, ನೆಲ ಎರಡೂ ಮುಗಿದಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ದೋಣಿಗಳೆಲ್ಲ ದಡಕ್ಕೆ ಬಂದು ದುರಸ್ತಿಗೆ ಸಾಲು ನಿಲ್ಲುತ್ತವೆ, ಮೇಸ್ತ್ರಿ ನಿಮ್ಮ ಫೋನ್ ಎತ್ತುವುದಿಲ್ಲ. ಎತ್ತಿದರೂ ಮರ ಒಣಗುವುದಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳು ಹೋಗಿ. ಮರ ಒಣಗಿರುತ್ತದೆ, ಅವರಿಗೂ ಪುರುಸೊತ್ತಿರುತ್ತದೆ.

ಕರೆಂಟಿನ ಕೆಲಸಕ್ಕೆ ಕಾಲವಿಲ್ಲ, ಅದು ಕೆಡುವುದೇ ರಾತ್ರಿ ಎರಡು ಗಂಟೆಗೆ. ಕೈಯಿಂದ ತಿರುಗಿಸುವ ಆ ಸಾಕೆಟ್ ಸ್ಪ್ಯಾನರನ್ನು ಡಿಕ್ಕಿಯಲ್ಲಿಡಬೇಡಿ. ಕೆಲವು ಗಾಡಿಗಳಲ್ಲಿ ಸ್ಲೈಡ್‌ಔಟ್ ಹೊರಗಿದ್ದಾಗ ಡಿಕ್ಕಿಯ ಬಾಗಿಲು ಅದರ ಅಡಿಗೆ ಸಿಕ್ಕಿ ತೆರೆಯುವುದೇ ಇಲ್ಲ. ನನ್ನದು ಈಗ ಚಾಲಕನ ಸೀಟಿನ ಹಿಂದೆ, ಕೆಂಪು ಬಟ್ಟೆಯ ತುಂಡು ಕಟ್ಟಿಕೊಂಡು ನೇತಾಡುತ್ತಿದೆ.